ಸಾಕುಪ್ರಾಣಿಗಳ ಪ್ರಯಾಣ ಮತ್ತು ಪಶುವೈದ್ಯ ಆರೈಕೆ

ಮನೆಯಲ್ಲಿ ಸಾಕಿದ ನಾಯಿ, ಬೆಕ್ಕು, ಹಕ್ಕಿ ಮೊದಲಾದವನ್ನು ಊರಿಂದೂರಿಗೆ ಇಲ್ಲವೆ ದೇಶದಿಂದ ದೇಶಕ್ಕೆ ಕರೆದೊಯ್ಯುವುದು, ಮತ್ತು ಹೊರಡುವ ಮುನ್ನ, ದಾರಿಯಲ್ಲಿ, ತಲುಪಿದ ಮೇಲೆ ಅವುಗಳಿಗೆ ಬೇಕಾಗುವ ವೈದ್ಯಕೀಯ ಆರೈಕೆ. ರಜೆಗೆ ಊರಿಗೆ ಹೊರಟವರು, ವರ್ಗವಾದ ನೌಕರರು, ಕೆಲಸಕ್ಕೆಂದು ಬೆಂಗಳೂರು ಬಿಟ್ಟು ಜರ್ಮನಿಗೋ ಅಮೆರಿಕಕ್ಕೋ ಹೋಗುವ ಎಂಜಿನಿಯರುಗಳು ಮೊದಲು ವಿಚಾರಿಸುವುದು ಟಿಕೆಟನ್ನು. ಆದರೆ ಇದು ಮೊದಲಿಂದ ಕೊನೆಯವರೆಗೂ ಪಶುವೈದ್ಯರ ಜೊತೆ ಕೂತು ಮಾಡಬೇಕಾದ ಕೆಲಸ. ವಿಮಾನ ಕಂಪನಿಗಳೂ ಹೊರದೇಶದ ಅಧಿಕಾರಿಗಳೂ ಕೇಳುವ ಕಾಗದಗಳಲ್ಲಿ ಬಹುಪಾಲು ಒಂದೇ ರೋಗದ ಭಯದಿಂದ ಹುಟ್ಟಿದವು. ಅದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಆ ರೋಗದ ನಡೆ ತಿಳಿದವರಿಗೆ ಈ ನಿಯಮಗಳ ಅರ್ಥ ತಾನಾಗಿ ಹೊಳೆಯುತ್ತದೆ. ತಿಳಿಯದವರಿಗೆ ಅವು ಬರಿಯ ಕಿರುಕುಳವಾಗಿ ಕಾಣುತ್ತವೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ನಾಯಿಯ ಮೇಲಿನ ಅಕ್ಕರೆಗೆ ಹಳೆಯ ದಾಖಲೆಯಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರ ಎಂಬ ವೀರನಿಗೆ ಬೇಕಾದ್ದನ್ನು ಕೇಳಿಕೊಳ್ಳಲು ಹೇಳಿದಾಗ, ಆತ ಕೇಳಿದ್ದು ಈ ನಾಯಿಯನ್ನು. ಮುಂದೆ ಅದು ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು; ಎರಡೂ ಸತ್ತವು. ಹಂದಿಯೂ ನಾಯಿಯೂ ಸೆಣಸುತ್ತಿರುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರಾಣಿವೈದ್ಯದ ಬರಹವೂ ನಮ್ಮಲ್ಲಿ ಹಳೆಯದೇ: 12ನೆಯ ಶತಮಾನದ ಆರಂಭದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅದೇ ವಂಶದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಬೇಟೆನಾಯಿಗಳ ವಿಚಾರವೂ ಸೇರಿದೆ.

ಆಧುನಿಕ ಪಶುವೈದ್ಯ ಶಿಕ್ಷಣ ಹುಟ್ಟಿದ್ದು ದನಗಳ ಸಲುವಾಗಿ. ಕ್ಲೋದ್ ಬೂರ್ಜೆಲಾ ಎಂಬಾತ 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಮೊದಲ ಪಶುವೈದ್ಯ ಶಾಲೆಗೆ ಅನುಮತಿ ಪಡೆದಾಗ ಯುರೋಪಿನ ದನಗಳು ದೊಡ್ಡರೋಗ (ರಿಂಡರ್‌ಪೆಸ್ಟ್) ಎಂಬ ಪಿಡುಗಿಗೆ ಸಿಕ್ಕಿ ಸಾಯುತ್ತಿದ್ದವು. ಜಗತ್ತು ಆ ರೋಗದಿಂದ ಪೂರ್ತಿ ಪಾರಾಗಿದೆ ಎಂದು ಘೋಷಣೆಯಾದದ್ದು 2011ರಲ್ಲಿ. ಆಗ ಭಾರತಕ್ಕೇ ಸೇರಿದ್ದ ಲಾಹೋರಿನ ಕಾಲೇಜು 1882ರಲ್ಲಿ, ಮದ್ರಾಸಿನದು 1903ರಲ್ಲಿ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಶುರುವಾದವು. ಇಲ್ಲೆಲ್ಲ ಮೊದಲ ಗಮನ ಹಸು, ಎಮ್ಮೆ, ಎತ್ತು, ಕುದುರೆಗಳ ಮೇಲೆ. ಹಳ್ಳಿಗಳಲ್ಲಿ ಇವತ್ತಿಗೂ ಪಶುವೈದ್ಯರನ್ನು ಜನ ‘ದನದ ಡಾಕ್ಟ್ರು’ ಎಂದೇ ಕರೆಯುತ್ತಾರೆ. 1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನವೂ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿಯೇ ಇರುವಂಥದ್ದು. ಹಾಗಾಗಿ ನಾಯಿ, ಬೆಕ್ಕುಗಳ ಚಿಕಿತ್ಸೆ ದೊಡ್ಡ ಊರುಗಳ ಖಾಸಗಿ ಕ್ಲಿನಿಕ್ಕುಗಳ ಪಾಲಾಗಿದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಕಷ್ಟದ ಹೆರಿಗೆಯಲ್ಲಿ ಕರು ಎಳೆದು ಉಳಿಸುವ ಕೈಯಿರುತ್ತದೆ, ಆದರೆ ಬೆಕ್ಕಿನ ರಕ್ತಪರೀಕ್ಷೆಗೂ ಸ್ಕ್ಯಾನಿಂಗಿಗೂ ಬೇಕಾದ ಸಲಕರಣೆ ಹಲವೆಡೆ ಇರುವುದಿಲ್ಲ. ದೂರದ ಊರಿಗೆ ಪ್ರಾಣಿಯೊಡನೆ ಹೊರಡುವವರು ದಾರಿಯಲ್ಲಿ ಎಲ್ಲೆಲ್ಲಿ ಅಂಥ ಕ್ಲಿನಿಕ್ ಇದೆ, ರಾತ್ರಿ ಯಾವುದು ತೆರೆದಿರುತ್ತದೆ ಎಂದು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕಾಗುವುದು ಇದೇ ಕಾರಣಕ್ಕೆ.

ರೇಬೀಸ್ ಮತ್ತು ಗಡಿಗಳು

ರೇಬೀಸ್ ವೈರಾಣು ಕಚ್ಚಿದ ಗಾಯದಿಂದ ನರಗಳ ಗುಂಟ ಮೆದುಳಿನತ್ತ ನಿಧಾನವಾಗಿ ಸಾಗುತ್ತದೆ. ಈ ಪಯಣ ಕೆಲವು ವಾರ ಹಿಡಿಯಬಹುದು, ಹಲವು ತಿಂಗಳೂ ಹಿಡಿಯಬಹುದು. ಅಷ್ಟು ದಿನವೂ ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ, ಉಣ್ಣುತ್ತದೆ, ಆಡುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಪ್ರಾಣಿಯಾಗಲಿ ಮನುಷ್ಯನಾಗಲಿ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ, ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಭಾರತದವರು. ಲೂಯಿ ಪಾಶ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಡಲು ಶುರುಮಾಡಿದಂದಿನಿಂದ ಇದನ್ನು ತಡೆಯುವ ದಾರಿ ಮನುಷ್ಯನ ಕೈಯಲ್ಲಿದೆ. ನಮ್ಮಲ್ಲಿ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಚುಚ್ಚುತ್ತಿದ್ದ ಹಳೆಯ ನರಾಂಗಾಂಶ ಲಸಿಕೆ 2004ರ ಕೊನೆಗೆ ನಿಂತು, ಅದರ ಜಾಗದಲ್ಲಿ ತೋಳಿಗೆ ಕೊಡುವ ಸುರಕ್ಷಿತ ಲಸಿಕೆ ಬಂದಿದೆ. ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಮುರಿಯುತ್ತದೆ ಎಂದು ತಜ್ಞರು ಹೇಳುತ್ತ ಬಂದಿದ್ದಾರೆ. ನೆರೆಯ ಗೋವಾ ರಾಜ್ಯ ಈ ಹಾದಿಯಲ್ಲಿ ನಡೆದು, 2021ರಲ್ಲಿ ತನ್ನನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ಕರ್ನಾಟಕದಲ್ಲಿ 2022ರಿಂದ ರೇಬೀಸ್ ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಈ ರೋಗದ ಅಧ್ಯಯನದಲ್ಲಿ ಬೆಂಗಳೂರಿನ ಹೆಸರು ದೊಡ್ಡದು: ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯವನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯೂ ನಿಮ್ಹಾನ್ಸ್‌ನ ವಿಭಾಗವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಮಾನ್ಯ ಮಾಡಿವೆ.

ರೋಗವನ್ನು ಒಮ್ಮೆ ಹೊರಗಟ್ಟಿದ ದೇಶ ಅದನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಲು ಹೆದರುತ್ತದೆ. ಬ್ರಿಟನ್ 1902ರಲ್ಲಿ ರೇಬೀಸ್ ಮುಕ್ತವಾಗಿತ್ತು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಕದ್ದುಮುಚ್ಚಿ ತಂದ ನಾಯಿಗಳ ಜೊತೆ 1918ರಲ್ಲಿ ರೋಗ ಮರಳಿತು. ಅದನ್ನು ಮತ್ತೆ ಅಡಗಿಸುವಷ್ಟರಲ್ಲಿ 1922 ಬಂದಿತ್ತು. ಹೊರಗಿನಿಂದ ಬಂದ ನಾಯಿ, ಬೆಕ್ಕುಗಳನ್ನು ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುವ ಕ್ವಾರಂಟೈನ್ ಪದ್ಧತಿ ಅಲ್ಲಿ ಬಹುಕಾಲ ನಡೆಯಿತು. ಹಾಗೆ ಆರು ತಿಂಗಳು ಕಳೆದು ಬಿಡುಗಡೆಯಾದ ನಾಯಿಯೊಂದಕ್ಕೆ 1969ರಲ್ಲಿ ಕ್ಯಾಂಬರ್ಲಿ ಎಂಬ ಊರಿನಲ್ಲಿ ರೇಬೀಸ್ ಕಾಣಿಸಿ ಇಡೀ ದೇಶ ಬೆಚ್ಚಿತು. ಕೂಡಿಹಾಕುವ ಬದಲು ಲಸಿಕೆ ಮತ್ತು ರಕ್ತಪರೀಕ್ಷೆಯನ್ನು ನಂಬುವ ಸಾಕುಪ್ರಾಣಿ ಪ್ರಯಾಣ ಯೋಜನೆ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು 2000ದ ಫೆಬ್ರುವರಿ 28ರಂದು. ಆಮೇಲೆ ಯುರೋಪ್ ಒಕ್ಕೂಟವೂ ಇದೇ ಜಾಡು ಹಿಡಿಯಿತು. ತಿಂಗಳುಗಟ್ಟಲೆ ಪಂಜರದಲ್ಲಿ ಕೊರಗುತ್ತಿದ್ದ ಪ್ರಾಣಿಗಳ ಪಾಲಿಗೆ ಇದು ದೊಡ್ಡ ಬಿಡುಗಡೆ. ಇಂದಿನವರಿಗೆ ಹೊರೆಯೆನಿಸುವ ಕಾಗದಪತ್ರಗಳನ್ನು ಈ ಹಿನ್ನೆಲೆಯಲ್ಲಿಟ್ಟು ನೋಡುವುದು ನ್ಯಾಯ.

ಚಿಪ್ಪು, ಚುಚ್ಚುಮದ್ದು, ರಕ್ತ: ಇವುಗಳ ಅನುಕ್ರಮ

ಹೊರದೇಶಕ್ಕೆ ಹೋಗುವ ಪ್ರಾಣಿಗೆ ಮೊದಲು ಬೇಕಾದದ್ದು ಗುರುತು. ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ಪನ್ನು ದಪ್ಪ ಸೂಜಿಯಿಂದ ಎರಡು ಹೆಗಲಮೂಳೆಗಳ ನಡುವೆ ಚರ್ಮದಡಿ ಸೇರಿಸುತ್ತಾರೆ. ಅರಿವಳಿಕೆ ಬೇಕಿಲ್ಲ, ಸಾಮಾನ್ಯ ಇಂಜೆಕ್ಷನ್ನಿಗಿಂತ ತುಸು ಹೆಚ್ಚು ನೋವು ಅಷ್ಟೆ. ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಮಾತ್ರ 15 ಅಂಕಿಯ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದುವ ಚಿಪ್ಪೇ ಆಗಬೇಕು, ಇಲ್ಲದಿದ್ದರೆ ಅಲ್ಲಿನ ಯಂತ್ರ ಅದನ್ನು ಓದದೆ ಹೋಗಬಹುದು. ನಾಯಿ ಎಲ್ಲಿದೆ ಎಂದು ಈ ಚಿಪ್ಪು ತೋರಿಸುತ್ತದೆ ಎಂದು ಹಲವರು ನಂಬಿದ್ದಾರೆ, ಅದು ತಪ್ಪು. ಅದು ಹೇಳುವುದು ಸಂಖ್ಯೆಯೊಂದನ್ನೇ. ಪ್ರತಿ ಭೇಟಿಯಲ್ಲೂ ವೈದ್ಯರ ಕೈಯಲ್ಲಿ ಚಿಪ್ಪನ್ನು ಓದಿಸಿ, ಲಸಿಕೆ ಪುಸ್ತಕದಲ್ಲಿರುವ ಸಂಖ್ಯೆಯೊಂದಿಗೆ ಒಂದೊಂದೇ ಅಂಕಿ ತಾಳೆ ನೋಡಬೇಕು. ಒಂದು ಅಂಕಿ ಅದಲುಬದಲಾದರೂ ಗಡಿಯಲ್ಲಿ ಅದು ಬೇರೆ ನಾಯಿ.

ಚಿಪ್ಪು ಹಾಕಿದ ಮೇಲೆ ರೇಬೀಸ್ ಲಸಿಕೆ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿಯೇ. ಚಿಪ್ಪಿಗೆ ಮೊದಲು ಹಾಕಿಸಿದ ಲಸಿಕೆ ಯುರೋಪಿನ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಆ ಲಸಿಕೆ ಇದೇ ಪ್ರಾಣಿಗೆ ಬಿದ್ದಿತು ಎಂಬುದಕ್ಕೆ ಪುರಾವೆಯಿಲ್ಲ. ಮರಿಗೆ 12 ವಾರ ತುಂಬಿರಬೇಕು. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಬಳಿಕ ರಕ್ತ ತೆಗೆದು, ಯುರೋಪ್ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರತಿಕಾಯದ ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾಸು. ಆದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಫಲಿತಾಂಶ ಚೆನ್ನಾಗಿದ್ದ ಮೇಲೂ ಏಕೆ ಕಾಯಬೇಕು ಎಂದು ಕೇಳುವವರಿದ್ದಾರೆ. ಲಸಿಕೆಗೆ ಮುಂಚೆಯೇ ಸೋಂಕು ತಗಲಿದ್ದರೆ ಅದು ಹೊರಬೀಳಲು ಈ ಅವಧಿ ಬೇಕು. ಕೊನೆಗೆ ಪ್ರಯಾಣಕ್ಕೆ ಹತ್ತು ದಿನದೊಳಗೆ ಸರ್ಕಾರಿ ಆರೋಗ್ಯ ಪ್ರಮಾಣಪತ್ರ. ಭಾರತದಲ್ಲಿ ಇದನ್ನು ಕೊಡುವುದು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ. ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರುಗಳಲ್ಲಿ ಅದರ ಕೇಂದ್ರಗಳಿವೆ. ಇಷ್ಟನ್ನೂ ಕೂಡಿಸಿದರೆ ನಾಲ್ಕು ತಿಂಗಳಿಗೆ ಕಡಿಮೆಯಿಲ್ಲ. ವೀಸಾ ಬಂದ ಮೇಲೆ ನಾಯಿಯ ಯೋಚನೆ ಮಾಡಿದವರು ನಾಯಿಯನ್ನು ಬಿಟ್ಟೇ ವಿಮಾನ ಹತ್ತಬೇಕಾಗುತ್ತದೆ. ಕೆಲಸದ ಅರ್ಜಿ ಹಾಕಿದ ವಾರವೇ ಚಿಪ್ಪು ಹಾಕಿಸುವುದು ಜಾಣತನ. ಹೋಗುವುದು ತಪ್ಪಿದರೂ ಚಿಪ್ಪಿನಿಂದಲೂ ಲಸಿಕೆಯಿಂದಲೂ ನಷ್ಟವೇನಿಲ್ಲ.

ಬ್ರಿಟನ್ನಿನ ನಿಯಮ ಹೆಚ್ಚುಕಡಿಮೆ ಇದೇ. ಆದರೆ ವಿಮಾನದಲ್ಲಿ ಬರುವ ಸಾಕುಪ್ರಾಣಿ ಅಲ್ಲಿಗೆ ಸಾಮಾನ್ಯವಾಗಿ ಕಾರ್ಗೋ ಆಗಿಯೇ ಬರಬೇಕು, ಮತ್ತು ನಾಯಿಗಳಿಗೆ ಲಾಡಿಹುಳುವಿನ ಮದ್ದನ್ನು ತಲುಪುವುದಕ್ಕೆ 24ರಿಂದ 120 ಗಂಟೆ ಮೊದಲು ವೈದ್ಯರೇ ಕೊಟ್ಟು ದಾಖಲಿಸಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ನಿಯಮ ಬಿಗಿ ಮಾಡಿದೆ: ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ಪಿರಬೇಕು, ಭಾರತದಂಥ ರೇಬೀಸ್ ಅಪಾಯ ಹೆಚ್ಚಿರುವ ದೇಶದಲ್ಲಿ ಲಸಿಕೆ ಪಡೆದ ನಾಯಿಗೆ ಮಾನ್ಯ ಪ್ರಯೋಗಾಲಯದ ರಕ್ತಪರೀಕ್ಷೆ ಇಲ್ಲವಾದರೆ ಅಲ್ಲಿ 28 ದಿನ ಕ್ವಾರಂಟೈನ್. ಜಪಾನ್ ರಕ್ತಪರೀಕ್ಷೆಯ ನಂತರ 180 ದಿನ ಕಾಯಿಸುತ್ತದೆ.

ಎಲ್ಲಕ್ಕಿಂತ ಕಟ್ಟುನಿಟ್ಟು ಆಸ್ಟ್ರೇಲಿಯಾದ್ದು. ಭಾರತ ಅದರ ಒಪ್ಪಿತ ದೇಶಗಳ ಪಟ್ಟಿಯಲ್ಲಿಲ್ಲ. ಇಲ್ಲಿಂದ ಹೋಗುವ ನಾಯಿ ಮೊದಲು ಪಟ್ಟಿಯಲ್ಲಿರುವ ಬೇರೊಂದು ದೇಶಕ್ಕೆ ಹೋಗಿ, ಅಲ್ಲಿ ಸಿದ್ಧತೆ ಪೂರೈಸಿ, ಆಮೇಲೆ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರಕ್ಕೆ ಬರಬೇಕು. ಹಾಲಿವುಡ್ ನಟ ಜಾನಿ ಡೆಪ್ ಮತ್ತು ನಟಿ ಅಂಬರ್ ಹರ್ಡ್ 2015ರಲ್ಲಿ ಎರಡು ಪುಟ್ಟ ಟೆರಿಯರ್ ನಾಯಿಗಳನ್ನು ಹೇಳದೆ ಕೇಳದೆ ಖಾಸಗಿ ವಿಮಾನದಲ್ಲಿ ಕರೆತಂದಾಗ, ನಾಯಿಗಳು ವಾಪಸು ಹೋಗದಿದ್ದರೆ ಕೊಲ್ಲಬೇಕಾಗುತ್ತದೆ ಎಂದು ಅಲ್ಲಿನ ಕೃಷಿ ಸಚಿವರೇ ಹೇಳಿದರು. ನಾಯಿಗಳು ಮರಳಿ ಹೋದವು. ಮರುವರ್ಷ ಹರ್ಡ್ ಪ್ರವೇಶಪತ್ರದಲ್ಲಿ ಸುಳ್ಳು ಬರೆದ ತಪ್ಪನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಆಸ್ಟ್ರೇಲಿಯಾದ ಭಯ ರೇಬೀಸಿಗೆ ಮುಗಿಯುವುದಿಲ್ಲ. ಉಣುಗಿನಿಂದ ಹರಡುವ ಎರ್ಲಿಕಿಯಾ ರೋಗ 2020ರಲ್ಲಿ ಆ ಖಂಡದ ನಾಯಿಗಳಲ್ಲಿ ಮೊದಲ ಸಲ ಪತ್ತೆಯಾಯಿತು. ಭಾರತದ ನಾಯಿಗಳಲ್ಲಿ ಅದು ತೀರ ಸಾಮಾನ್ಯ. ಕ್ಲಿನಿಕ್ಕುಗಳಲ್ಲಿ ‘ಟಿಕ್ ಫೀವರ್’ ಎಂದು ಕೇಳಿಬರುವುದು ಬಹಳ ಸಲ ಇದೇ, ಇಲ್ಲವೆ ಬಬೀಸಿಯಾ.

ಹೊರಡುವ ಮುನ್ನ ತಪಾಸಣೆ

ಪಕ್ಕದ ಜಿಲ್ಲೆಗೆ ಹೋಗುವುದಾದರೂ ವೈದ್ಯರಿಗೆ ತೋರಿಸಿ ಹೊರಡುವುದು ಒಳ್ಳೆಯದು. ಮರಿಗಳಿಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆಯ ಸರಣಿ ಆರರಿಂದ ಎಂಟು ವಾರದ ವಯಸ್ಸಿಗೆ ಶುರುವಾಗಿ 16 ವಾರದ ಹೊತ್ತಿಗೆ ಮುಗಿಯುತ್ತದೆ. ಅದು ಮುಗಿಯುವ ಮುನ್ನ ಮರಿಯನ್ನು ಬಸ್ ನಿಲ್ದಾಣ, ಹೆದ್ದಾರಿ ಢಾಬಾಗಳ ನೆಲದ ಮೇಲೆ ಬಿಡುವುದು ಅಪಾಯ, ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಳೆಗಾಲದಲ್ಲಿ ನಿಂತ ನೀರು ಕುಡಿದರೆ ಇಲಿಜ್ವರದ ಭಯ. ಮಲೆನಾಡಿನ ಕಾಡಂಚಿಗೆ ಹೋದವರು ಪ್ರತಿ ಸಂಜೆ ನಾಯಿಯ ಕಿವಿಯ ಒಳಮೈ, ಬೆರಳ ಸಂದು, ಬಾಲದ ಬುಡವನ್ನು ಬೆರಳಾಡಿಸಿ ನೋಡಬೇಕು. ಉಣುಗು ಸಿಕ್ಕರೆ ಚಿಮುಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರ ಎಳೆಯಬೇಕು, ಹಿಚುಕಬಾರದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅದನ್ನು ಹರಡುವುದೂ ಕಾಡಿನ ಉಣುಗು. ಆದ್ದರಿಂದ ನಾಯಿಯ ಮೈ ನೋಡುವುದು ಮನೆಯವರ ರಕ್ಷಣೆಯೂ ಹೌದು.

ವಯಸ್ಸಾದ ಪ್ರಾಣಿಯಾದರೆ ಹೃದಯ, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಬೇಕು. ದಿನವೂ ಕೊಡುವ ಮಾತ್ರೆಗಳನ್ನು ಪ್ರಯಾಣದ ಅವಧಿಗಿಂತ ಹೆಚ್ಚಾಗಿಯೇ ಇಟ್ಟುಕೊಂಡು, ಚೀಟಿಯ ನಕಲನ್ನೂ ಒಯ್ಯಬೇಕು. ಮನುಷ್ಯರ ಮದ್ದನ್ನು ಊಹೆಯಿಂದ ಕೊಡುವುದು ಘೋರ ತಪ್ಪು. ನಮ್ಮ ಮನೆಗಳಲ್ಲಿ ಜ್ವರಕ್ಕೆ ಕೈ ಹೋಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಉಣುಗಿಗೆಂದು ಮಾರುವ ಪರ್ಮೆತ್ರಿನ್ ಹನಿಯೂ ಬೆಕ್ಕಿಗೆ ವಿಷ. ಪ್ರಯಾಣದಲ್ಲಿ ವಾಂತಿ ಮಾಡುವ ನಾಯಿಗೆ ಮಾರೋಪಿಟಂಟ್ ಎಂಬ ಒಳ್ಳೆಯ ಮದ್ದಿದೆ. ಪ್ರಮಾಣವನ್ನು ವೈದ್ಯರೇ ತೂಕ ನೋಡಿ ಹೇಳಬೇಕು.

ಪೆಟ್ಟಿಗೆ

ವಿಮಾನದಲ್ಲಿ ಹೋಗುವ ಪ್ರಾಣಿಗೆ ಅದರ ಪೆಟ್ಟಿಗೆಯೇ ಮನೆ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ನಿಯಮ ಅದರ ಅಳತೆಯನ್ನು ನಾಯಿಯ ಮೈಯಿಂದಲೇ ತೆಗೆಯುತ್ತದೆ. ನಾಯಿಯನ್ನು ಸಮನೆಲದ ಮೇಲೆ ನಿಲ್ಲಿಸಿ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಟೇಪು ಹಿಡಿಯಬೇಕು. ಆ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಒಳ ಉದ್ದ. ಹೆಗಲ ಬಳಿಯ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಇಲ್ಲವೆ ಕಿವಿ, ಯಾವುದು ಮೇಲಿದೆಯೋ ಅಲ್ಲಿಯವರೆಗಿನ ಎತ್ತರಕ್ಕೆ ಹಾಸಿನ ದಪ್ಪ ಸೇರಿಸಿದರೆ ಪೆಟ್ಟಿಗೆಯ ಎತ್ತರ. ಉದಾಹರಣೆಗೆ ಮೂಗಿನಿಂದ ಬಾಲದ ಬುಡಕ್ಕೆ 80 ಸೆಂಟಿಮೀಟರ್, ಮೊಣಕೈ ಎತ್ತರ 30, ಹೆಗಲಗಲ 22, ಕಿವಿಯ ತುದಿಗೆ 68 ಇರುವ ನಾಯಿಗೆ ಒಳಗಡೆ 95 ಉದ್ದ, 44 ಅಗಲ, ಹಾಸಿನ ಮೇಲೆ 68 ಎತ್ತರ ಬೇಕು. ಕಿವಿಗೆ ಸೂರು ತಾಗಬಾರದು, ನಾಯಿ ಪೂರ್ತಿ ತಿರುಗಿ ಮಲಗುವಂತಿರಬೇಕು. ಚಪ್ಪಟೆ ಮೂತಿಯ ತಳಿಗಳಿಗೆ ಇದಕ್ಕಿಂತ ನೂರಕ್ಕೆ ಹತ್ತು ಹೆಚ್ಚು. ನೀರಿನ ಬಟ್ಟಲು ಬಾಗಿಲು ತೆರೆಯದೆ ಹೊರಗಿನಿಂದ ತುಂಬುವಂತೆ ಸಿಕ್ಕಿಸಿರಬೇಕು, ಮೇಲಿನ ಅರ್ಧವನ್ನು ಕೆಳಗಿನದಕ್ಕೆ ಲೋಹದ ಬೋಲ್ಟಿನಿಂದ ಬಿಗಿದಿರಬೇಕು.

ಪೆಟ್ಟಿಗೆಯನ್ನು ಹೊರಡುವ ಹಿಂದಿನ ದಿನ ತಂದು ನಾಯಿಯನ್ನು ಒಳಗೆ ತಳ್ಳುವುದು ಕ್ರೌರ್ಯ. ವಾರಗಳ ಮೊದಲೇ ಅದನ್ನು ಮನೆಯ ನಡುವೆ ಬಾಗಿಲು ತೆಗೆದಿಟ್ಟು ಊಟವನ್ನು ಅದರೊಳಗೇ ಬಡಿಸುತ್ತ ಬಂದರೆ ಪ್ರಾಣಿ ತಾನಾಗಿ ಹೋಗಿ ಮಲಗುತ್ತದೆ. ಈ ಒಂದು ಅಭ್ಯಾಸ ಯಾವ ಮಾತ್ರೆಗಿಂತಲೂ ಮಿಗಿಲು. ನಿದ್ದೆಮಾತ್ರೆ ಕೊಟ್ಟು ಕಳಿಸೋಣವೇ ಎಂದು ಕೇಳುವವರು ಬಹಳ, ಕೊಡಬಾರದು. ಅಂಥ ಮದ್ದು ರಕ್ತದೊತ್ತಡ ಇಳಿಸುತ್ತದೆ, ಮೈಯ ಉಷ್ಣತೆ ಕಾಯ್ದುಕೊಳ್ಳುವ ಶಕ್ತಿಯನ್ನು ಕುಂದಿಸುತ್ತದೆ, ತೂರಾಡಿ ಬಿದ್ದ ನಾಯಿಯನ್ನು ಎತ್ತಿ ಹಿಡಿಯಲು ವಿಮಾನದ ಹೊಟ್ಟೆಯಲ್ಲಿ ಯಾರೂ ಇರುವುದಿಲ್ಲ. ಮತ್ತಿನಲ್ಲಿರುವ ಪ್ರಾಣಿಯನ್ನು ಹಲವು ಕಂಪನಿಗಳು ಹತ್ತಿಸಿಕೊಳ್ಳುವುದೂ ಇಲ್ಲ.

ಚಪ್ಪಟೆ ಮೂತಿಯ ನಾಯಿಗಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಹಚ್ ಮೊಬೈಲ್ ಕಂಪನಿಯ 2003ರ ಜಾಹೀರಾತಿನ ನಂತರ ಪಗ್ ತಳಿ ಭಾರತದ ಮನೆಮನೆಗೆ ಬಂದಿತು. ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕುಗಳ ಮೂಗಿನ ಹೊಳ್ಳೆ ಕಿರಿದು, ಅಂಗಳು ಉದ್ದ. ನಾಯಿ ಬೆವರಿ ತಣಿಯುವ ಪ್ರಾಣಿಯಲ್ಲ, ಏದುಸಿರಿನಿಂದಲೇ ತಣಿಯಬೇಕು. ಆ ಉಸಿರಿನ ದಾರಿಯೇ ಇಕ್ಕಟ್ಟಾದರೆ ಬಿಸಿಯಲ್ಲಿ, ಗಾಬರಿಯಲ್ಲಿ ಅದು ಉಳಿಯುವುದು ಕಷ್ಟ. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಐದು ವರ್ಷಗಳ ವಿಮಾನ ಪ್ರಯಾಣದ ಸಾವುಗಳನ್ನು ಲೆಕ್ಕಹಾಕಿದಾಗ, ಸತ್ತ 122 ನಾಯಿಗಳಲ್ಲಿ ಸುಮಾರು ಅರ್ಧ ಇಂಥ ತಳಿಗಳವೇ ಆಗಿದ್ದವು. ಹಲವು ಕಂಪನಿಗಳು ಇವನ್ನು ಕಾರ್ಗೋದಲ್ಲಿ ಒಯ್ಯಲು ಒಪ್ಪುವುದಿಲ್ಲ, ಅದು ಸರಿಯಾದ ನಿಲುವು. ಬಾಗಲಕೋಟೆ ಸೀಮೆಯ ಮುಧೋಳ ನಾಯಿಯ ಕಷ್ಟ ಬೇರೆ ಬಗೆಯದು. ಅದರ ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ಗಿಡ್ಡ; ಚಳಿ ಬೇಗ ಹತ್ತುತ್ತದೆ. ಗ್ರೇಹೌಂಡ್ ಬಗೆಯ ನಾಯಿಗಳು ಕೆಲವು ಅರಿವಳಿಕೆ ಔಷಧಿಗಳಿಂದ ನಿಧಾನವಾಗಿ ಚೇತರಿಸಿಕೊಳ್ಳುವುದರಿಂದ, ಅಪರಿಚಿತ ಊರಿನ ವೈದ್ಯರಿಗೆ ತಳಿಯ ಹೆಸರನ್ನು ಹೇಳಲೇಬೇಕು.

ದೇಶದೊಳಗಿನ ಪ್ರಯಾಣ

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಬಂದ 1978ರ ಪ್ರಾಣಿ ಸಾಗಣೆ ನಿಯಮಗಳು ನಾಯಿ, ಬೆಕ್ಕುಗಳಿಗೂ ಅನ್ವಯಿಸುತ್ತವೆ. ಪ್ರಯಾಣಕ್ಕೆ ಯೋಗ್ಯ, ಸೋಂಕಿಲ್ಲ ಎಂಬ ವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು. ಪೂರ್ಣ ಗರ್ಭದ ಪ್ರಾಣಿಯನ್ನು ಸಾಗಿಸಬಾರದು. ನಾಯಿಗೆ 12 ಗಂಟೆಗೊಮ್ಮೆ ಆಹಾರ, ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ನೀರು ಕೊಡಬೇಕು.

ರೈಲಿನಲ್ಲಿ ನಾಯಿಗೆ ಎರಡು ದಾರಿ. ಎಸಿ ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿ ತಮ್ಮದಾಗಿದ್ದರೆ ಜೊತೆಗೆ ಕರೆದೊಯ್ಯಬಹುದು. ಸ್ಲೀಪರ್, ಎಸಿ ಟೂ ಟಯರ್, ತ್ರೀ ಟಯರ್, ಚೇರ್ ಕಾರ್‌ಗಳಲ್ಲಿ ಬಿಡುವುದಿಲ್ಲ. ಇನ್ನೊಂದು ದಾರಿ ಗಾರ್ಡ್ ವ್ಯಾನಿನ ನಾಯಿ ಪೆಟ್ಟಿಗೆ. ಎರಡಕ್ಕೂ ರೈಲು ಹೊರಡುವುದಕ್ಕೆ ಸಾಕಷ್ಟು ಮುಂಚೆ ಪಾರ್ಸೆಲ್ ಆಫೀಸಿಗೆ ಹೋಗಿ, ಲಸಿಕೆ ಪುಸ್ತಕ ತೋರಿಸಿ, ಲಗೇಜಿನ ದರದಲ್ಲಿ ಬುಕ್ ಮಾಡಿಸಬೇಕು. ಕೂಪೆ ಸಿಕ್ಕಿತೇ ಇಲ್ಲವೇ ಎಂಬುದು ಚಾರ್ಟ್ ಆಗುವವರೆಗೂ ಖಚಿತವಾಗುವುದಿಲ್ಲ, ಆದ್ದರಿಂದ ಇನ್ನೊಂದು ಏರ್ಪಾಡು ಮನಸ್ಸಿನಲ್ಲಿರಬೇಕು. ನಾಯಿ ಪೆಟ್ಟಿಗೆ ಕತ್ತಲೆಯ, ಇಕ್ಕಟ್ಟಿನ ಜಾಗ. ನೀರು ಕೊಡಲು ಮಾಲೀಕರೇ ದೊಡ್ಡ ನಿಲ್ದಾಣಗಳಲ್ಲಿ ಓಡಿಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆಯ ಬಿಸಿಲಿನಲ್ಲಿ ಅದರಲ್ಲಿ ನಾಯಿಯನ್ನು ಕಳಿಸಲೇಬಾರದು.

ಬಸ್ಸಿನಲ್ಲಿ ಕೆಎಸ್‌ಆರ್‌ಟಿಸಿ ಸಾಕುಪ್ರಾಣಿಗಳಿಗೂ ಟಿಕೆಟ್ ಕೊಡುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಲವ್‌ಬರ್ಡ್ ಒಯ್ಯುತ್ತಿದ್ದ ಅಜ್ಜಿ, ಮೊಮ್ಮಗಳು ಮಹಿಳೆಯರಿಗಾಗಿ ಇರುವ ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಪಯಣಿಸಿದರೂ ಹಕ್ಕಿಗಳಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಪಡೆದದ್ದು ಸುದ್ದಿಯಾಗಿತ್ತು. ಹಕ್ಕಿಯ ವಿಷಯದಲ್ಲಿ ಟಿಕೆಟಿಗಿಂತ ಮುಖ್ಯವಾದದ್ದು ಕಾನೂನು. ನಮ್ಮ ಹಸಿರು ಗಿಳಿಯನ್ನು ಸಾಕುವುದೇ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಡಿ ಅಪರಾಧ, ನಕ್ಷತ್ರ ಆಮೆಯದೂ ಹಾಗೆಯೇ. ವಿಮಾನಗಳ ಪೈಕಿ ಏರ್ ಇಂಡಿಯಾ, ಮತ್ತು 2022ರ ನವೆಂಬರಿನಿಂದ ಆಕಾಶ ಏರ್, ಸಣ್ಣ ನಾಯಿ, ಬೆಕ್ಕುಗಳನ್ನು ಕ್ಯಾಬಿನ್ನಿನಲ್ಲೇ ಒಯ್ಯುತ್ತವೆ. ತೂಕದ ಮಿತಿ ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ದಿನ ಕೇಳಿಯೇ ತಿಳಿಯಬೇಕು.

ಹೆಚ್ಚಿನವರು ಹೋಗುವುದು ಕಾರಿನಲ್ಲಿ, ಹೆಚ್ಚು ಅನಾಹುತ ನಡೆಯುವುದೂ ಅಲ್ಲೇ. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇರುವ ಹಿತವಾದ ದಿನ, ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 34, ಅರ್ಧ ಗಂಟೆಗೆ 43 ಡಿಗ್ರಿಗೆ ಏರುತ್ತದೆ. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರೂ ದೊಡ್ಡ ವ್ಯತ್ಯಾಸವಿಲ್ಲ. ತಿಂಡಿ ತಿಂದು ಬರುತ್ತೇವೆ ಎಂದು ನಾಯಿಯನ್ನು ಕಾರಿನಲ್ಲಿ ಬಿಟ್ಟುಹೋಗುವ ಸಮಯ ಅದನ್ನು ಕೊಲ್ಲಲು ಸಾಕು. ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ. ಬಿಸಿಯೇರಿದಾಗ ಏದುಸಿರು ಜೋರಾಗುತ್ತದೆ, ಜೊಲ್ಲು ಅಂಟಂಟಾಗುತ್ತದೆ, ಒಸಡು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಕಾಲು ಸೋಲುತ್ತದೆ. ಆಗ ಮೊದಲು ಮಾಡಬೇಕಾದ್ದು ತಣಿಸುವುದು, ಆಮೇಲೆ ಆಸ್ಪತ್ರೆಗೆ ಸಾಗಿಸುವುದು. ನೆರಳಿಗೆ ಎಳೆದು ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಬೇಕು. ಒದ್ದೆ ಬಟ್ಟೆ ಹೊದಿಸಿ ಬಿಡಬಾರದು, ಅದು ಶಾಖವನ್ನು ಒಳಗೇ ತಡೆಯುತ್ತದೆ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು, ಮೂತ್ರಪಿಂಡಕ್ಕಾದ ಪೆಟ್ಟು ಮರುದಿನ ಕಾಣುತ್ತದೆ.

ಬೆಕ್ಕಿಗೆ ಪ್ರಯಾಣವೇ ಇಷ್ಟವಿಲ್ಲ. ಅದರ ನಂಟು ಜಾಗದ ಜೊತೆ. ಮೇಲಿನಿಂದ ತೆರೆಯುವ ಬುಟ್ಟಿ, ಅದರ ಮೇಲೊಂದು ಬಟ್ಟೆ, ಒಳಗೆ ಮನೆಯ ವಾಸನೆಯಿರುವ ಹಳೆಯ ಟವಲು ಇದ್ದರೆ ಅರ್ಧ ಭಯ ಕಡಿಮೆ. ತೀರ ಗಾಬರಿಪಡುವ ಬೆಕ್ಕಿಗೆ ವೈದ್ಯರು ಗ್ಯಾಬಪೆಂಟಿನ್ ಬರೆದುಕೊಡುವುದುಂಟು. ಹೊಸ ಮನೆಗೆ ಬಂದ ಬೆಕ್ಕನ್ನು ಮೊದಲು ಒಂದೇ ಕೋಣೆಯಲ್ಲಿರಿಸಿ, ಉಣ್ಣಲು ಶುರುಮಾಡಿದ ಮೇಲೆ ಉಳಿದ ಬಾಗಿಲು ತೆರೆಯಬೇಕು. ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿದೆ. ಗಂಡು ಬೆಕ್ಕು ಪದೇಪದೇ ಕೂತೆದ್ದರೂ ಮೂತ್ರ ಬಾರದಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಭಾರತಕ್ಕೆ ಕರೆತರುವುದು

ಹೊರಗಿನಿಂದ ಪ್ರಾಣಿ ತರುವುದಕ್ಕೆ ಆಧಾರ 1898ರ ಜಾನುವಾರು ಆಮದು ಕಾಯ್ದೆ. ಎರಡು ವರ್ಷ ಸತತವಾಗಿ ಹೊರದೇಶದಲ್ಲಿದ್ದು ವಾಸ ಬದಲಿಸಿ ಬರುವವರು ಎರಡು ಸಾಕುಪ್ರಾಣಿಗಳವರೆಗೆ ಲಗೇಜಾಗಿ ತರಬಹುದು. ಕ್ವಾರಂಟೈನ್ ಸೇವೆಯ ನಿರಾಕ್ಷೇಪಣಾ ಪತ್ರ ಮೊದಲೇ ಬೇಕು, ಇಳಿಯುವುದು ಆ ಸೇವೆಯ ಕೇಂದ್ರಗಳಿರುವ ಆರು ನಗರಗಳಲ್ಲೇ ಆಗಬೇಕು. ಅಮೆರಿಕದಲ್ಲಿ ಹತ್ತಾರು ವರ್ಷ ಇದ್ದು ಮರಳುವ ಕನ್ನಡಿಗರು ಹೆಚ್ಚು ಓಡಾಡುವುದು ಈ ಪತ್ರಕ್ಕಾಗಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ, ಸಾಕಿದ ನಾಯಿ, ಬೆಕ್ಕು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದ ಭಾರತೀಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ಒಂದು ಸಲದ ಮಟ್ಟಿಗೆ ನಿಯಮ ಸಡಿಲಿಸಿತು. ಬಾಂಬಿನಡಿಯಿಂದ ಮಕ್ಕಳ ಜೊತೆ ಆ ಪ್ರಾಣಿಗಳೂ ದೆಹಲಿಗೆ ಬಂದಿಳಿದವು. ಕಾನೂನು ಕರುಣೆಗೆ ಜಾಗ ಕೊಟ್ಟ ಒಳ್ಳೆಯ ನಿದರ್ಶನ ಅದು.

ಬಿಟ್ಟುಹೋಗುವುದು

ಕೆಲವೊಮ್ಮೆ ಕರೆದೊಯ್ಯದಿರುವುದೇ ಸರಿ. ಹೃದಯದ ಕಾಯಿಲೆಯ ಮುದಿ ನಾಯಿ, ಉಸಿರಾಡಲು ಕಷ್ಟಪಡುವ ಪಗ್, ವಾರದ ಪ್ರವಾಸಕ್ಕೆ ಹೊರಟವರ ಮನೆಯ ಬೆಕ್ಕು ಇವು ಮನೆಯಲ್ಲೇ ಇರಲಿ. ಬೆಕ್ಕಿಗೆ ದಿನಕ್ಕೆರಡು ಸಲ ಬಂದು ಹೋಗುವ ನೆರೆಯವರೇ ಸಾಕು. ನಾಯಿಯನ್ನು ಬೋರ್ಡಿಂಗಿಗೆ ಬಿಡುವವರು ಮೊದಲು ಆ ಜಾಗವನ್ನು ಕಣ್ಣಾರೆ ನೋಡಬೇಕು, ಗೂಡುಗಳ ವಾಸನೆ ಗಮನಿಸಬೇಕು, ಉಳಿದ ನಾಯಿಗಳ ಲಸಿಕೆ ಪುಸ್ತಕ ಕೇಳುತ್ತಾರೆಯೇ ವಿಚಾರಿಸಬೇಕು; ಒಟ್ಟಿಗಿರುವ ನಾಯಿಗಳಲ್ಲಿ ಕೆಮ್ಮು ಬೇಗ ಹರಡುವುದರಿಂದ ಅದರ ಲಸಿಕೆಯನ್ನು ಮುಂಚಿತವಾಗಿ ಹಾಕಿಸಬೇಕು. ನಂಟರ ಮನೆಯಲ್ಲಾಗಲಿ ಬೋರ್ಡಿಂಗಿನಲ್ಲಾಗಲಿ ಬಿಡುವಾಗ, ತಮ್ಮ ವೈದ್ಯರ ಹೆಸರಿಗೆ ಸಹಿ ಮಾಡಿದ ಪತ್ರವೊಂದನ್ನು ಕೊಟ್ಟುಹೋಗುವುದು ಅಗತ್ಯ. ಕಾಯಿಲೆ ಬಿದ್ದರೆ ಯಾರು ತೀರ್ಮಾನಿಸಬೇಕು, ತುರ್ತು ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಇದೆಯೇ, ಖರ್ಚು ಎಷ್ಟರವರೆಗೆ, ಫೋನ್ ಸಿಗದಿದ್ದರೆ ಯಾರನ್ನು ಕೇಳಬೇಕು ಎಂಬುದೆಲ್ಲ ಅದರಲ್ಲಿರಬೇಕು. ಜೊತೆಗೆ ಲಸಿಕೆ ಪುಸ್ತಕ, ಚಿಪ್ಪಿನ ಸಂಖ್ಯೆ, ಈಗ ನಡೆಯುತ್ತಿರುವ ಔಷಧಿಗಳ ಚೀಟಿ, ಯಾವುದಾದರೂ ಮದ್ದು ಒಗ್ಗದಿದ್ದರೆ ಅದರ ಹೆಸರು.